ಎಷ್ಟು ಸೆಂಟ್?

ಗೋಣಿಕೊಪ್ಪದಲ್ಲಿ ಮಾರ್ಚ್ ಬಂತೆಂದರೆ
ನಮಸ್ಕಾರವಿಲ್ಲ, ಕುಶಲವಿಲ್ಲ.
ಬ್ಯಾಂಕಿನ ಸಾಲಿನಲ್ಲಿ, ಮೀನಂಗಡಿಯಲ್ಲಿ,
ಸಾವಿನ ಮನೆಯ ಬೆಂಚಿನ ಮೇಲೂ ಒಂದೇ ಮಾತು:
ನಿಮ್ಮಲ್ಲಿ ಎಷ್ಟು ಸೆಂಟ್?

ಕೈಕೇರಿ ಇಪ್ಪತ್ತು. ಹಾತೂರು ಮೂವತ್ತೈದು.
ಪೊನ್ನಂಪೇಟೆಯ ಆಚೆ ಬರೀ ಗುಡುಗು.

ನೂರು ಸೆಂಟಿಗೆ ಒಂದಿಂಚು.
ಅಷ್ಟು ಬಿದ್ದರೆ ಹೂಮಳೆ. ಕಡಿಮೆ ಬಿದ್ದರೆ
ಮೊಗ್ಗು ಅರ್ಧ ನಂಬಿ ಕೆಡುತ್ತದೆ.

ನನ್ನ ಕೆಲಸ ಆ ಮೊಗ್ಗುಗಳನ್ನು ಕತ್ತರಿಸಿ
ಥರ್ಮಾಕೋಲ್ ಪೆಟ್ಟಿಗೆಯ ಐಸಿನಲ್ಲಿ ಮಲಗಿಸುವುದು.
ಮಳೆಗೆ ಮುಂಚಿನವು ಒಂದು ಕೊಳವೆಗೆ,
ಮಳೆಯಾಗಿ ಆರು ತಾಸಿನವು ಇನ್ನೊಂದಕ್ಕೆ.
ಬೊಳ್ಚಿ ಗೆಲ್ಲು ಬಗ್ಗಿಸಿ ಹಿಡಿಯುತ್ತಾಳೆ.
"ಅರಳೋದನ್ನ ಹೀಗೆ ಕೀಳ್ತೀರಲ್ಲಕ್ಕಾ" ಎಂದಳು ಮೊದಲ ದಿನ.
ಎರಡನೆಯ ದಿನ ಒಳ್ಳೆಯ ಗೆಲ್ಲು ಅವಳೇ ತೋರಿಸಿದಳು.

ಪ್ರಯೋಗಾಲಯವೆಂದರೆ ಕಾಫಿ ಗೋದಾಮಿನ ಮೇಲಿನ ಎರಡು ಕೋಣೆ.
ಮೆಟ್ಟಿಲ ಬುಡದಲ್ಲಿ ಸೂಫಿ ಪೆಟ್ಟಿಗೆ ನೋಡಿ ಕೇಳುತ್ತಾನೆ:
"ಮತ್ತಿಯಾ ಮೇಡಂ, ಅಯಿಲೆಯಾ?"

ಮೀನಲ್ಲ ಸೂಫಿ. ಹೇಗೆ ಹೇಳಲಿ,
ನಿನ್ನ ಅಣ್ಣನಿಂದಲೇ ಶುರುಮಾಡುತ್ತೇನೆ.
ಆಲಿಯ ತೋಳಿನಲ್ಲೊಂದು ಪ್ರೋಟೀನು, ಆಕ್ಟಿನ್.
ಕಣಕ್ಕೆ ಕಣ ಕೈಕೊಟ್ಟು ಎಳೆಯಾಗಿ, ಹಗ್ಗದಂತೆ ಹುರಿಗೊಂಡು
ಐವತ್ತು ಕಿಲೋ ಚೆರಿ ಮೂಟೆಯನ್ನು ಲಾರಿಗೇರಿಸುತ್ತದೆ.
ಅದಕ್ಕೊಬ್ಬ ದಾಯಾದಿ.
ಅದೇ ಮುಖಚಹರೆ, ಎದೆಯಲ್ಲಿ ಅದೇ ಸೀಳು.
ಆದರೆ ಎಳೆ ಹೆಣೆಯಲಾರ, ಒಂದು ಮೂಟೆಯೂ ಎತ್ತಲಾರ.
ಪುಸ್ತಕದಲ್ಲಿ ಅವನಿಗೆ ಸ್ವಂತ ಹೆಸರೂ ಇಲ್ಲ:
ಆಕ್ಟಿನ್ ಸಂಬಂಧಿ, ಮುಂದೊಂದು ಅಂಕಿ. ಆರು.
ಪೇಟೆಯವರು ನಿನ್ನನ್ನು ಆಲಿಯ ತಮ್ಮ ಅನ್ನುವ ಹಾಗೆ.

ಅವನಿರುವುದು ಒಳಗಿನ ಗೋದಾಮಿನಲ್ಲಿ, ಕೋಶಕೇಂದ್ರದಲ್ಲಿ.
ಅಲ್ಲಿ ನೂಲು ಉದ್ದ, ಕೋಣೆ ಸಣ್ಣ.
ಉಂಡೆಗೆ ಸುತ್ತಿ, ಉಂಡೆಯ ಮೇಲೆ ಉಂಡೆ ಒಟ್ಟಿ,
ಓದಬೇಕಾದ ಚೀಟಿ ಯಾವಾಗಲೂ ಹಿಂದಿನ ಸಾಲಿನಲ್ಲೇ.
ಸರಿಸಲು ಒಂದು ತಂಡ ಬರುತ್ತದೆ.
ದೂಡುವವರು ಬೇರೆ. ಇವನು ನಡುವೆ ಸೇರಿ
ಮೂಲೆ ಹಿಡಿದು ನಿಲ್ಲುತ್ತಾನೆ, ಅಷ್ಟೇ.
ಆ ಹಿಡಿತ ಇಲ್ಲದಿದ್ದರೆ ಅಷ್ಟೂ ಜನರ ಬಲ ನೆಲ ಕೆರೆಯುತ್ತದೆ.
ಉಂಡೆಯ ಒಂದು ಭಾಗ ಕಳಚಿ
ತುಸು ಬೇರೆ ಹದದ್ದೊಂದನ್ನು ಕೂರಿಸುತ್ತಾರೆ.
ಇಲ್ಲಿ ತೆರೆ ಎಂದೋ, ಇಲ್ಲಿ ಈಗ ಬೇಡ ಎಂದೋ.

ಸೂಫಿ ಬೀಗದ ಗೊಂಚಲು ಸೊಂಟಕ್ಕೆ ಸಿಕ್ಕಿಸಿಕೊಂಡ.
"ಸಂಬಳ ಯಾರಿಗೆ ಜಾಸ್ತಿ, ಅದು ಹೇಳಿ."

ಸಾಸಿವೆ ಬಳಗದ ಒಂದು ಕಳೆಗಿಡದಲ್ಲಿ
ಈ ಆರನೆಯವನನ್ನು ಕೆಲಸದಿಂದ ತೆಗೆದು ನೋಡಿದ್ದಾರೆ.
ಗಿಡ ಸಾಯಲಿಲ್ಲ. ಅವಸರಕ್ಕೆ ಬಿತ್ತು.
ಎಲೆಯಂಚು ಗರಗಸ, ನಾಲ್ಕು ದಳವಿರುವಲ್ಲಿ ಕೆಲವಕ್ಕೆ ಐದು,
ಕಾಲಕ್ಕೆ ಮೊದಲೇ ಹೂ.
ಅವನ ಸಂಬಳ, ಸೂಫಿ, ಕಾಯಿಸಿದ್ದಕ್ಕೆ.

ಕಾಫಿಯಲ್ಲೂ ಹೀಗೆಯೇ ಎಂದು ನಾನು ಹೇಳಲಾರೆ.
ಮೂರು ವರ್ಷದಿಂದ ಹೇಳಲಾರೆ.

ನಿನ್ನೆ ರಾತ್ರಿ ಹನ್ನೊಂದಕ್ಕೆ ಸಿಡಿಲು. ಕರೆಂಟ್ ಹೋಯಿತು.
ಫ್ರೀಜರಿನ ಕೆಂಪು ಅಂಕಿ ಮೈನಸ್ ಎಂಬತ್ತರಿಂದ
ಒಂದೊಂದೇ ಮೆಟ್ಟಿಲು ಹತ್ತಿತು.
ಆಲಿ ಜನರೇಟರ್ ಹೆಗಲಿಗೇರಿಸಿ ಬಂದ.
ಸೂಫಿ ಟಾರ್ಚ್ ಹಿಡಿದು ಅವನ ಕಾಲಿಗಷ್ಟೇ ಬೆಳಕು ಬಿಟ್ಟ.
ಅರವತ್ತೆರಡಕ್ಕೆ ನಿಂತಿತು.
ಹೊರಗೆ ತಗಡಿನ ಮೇಲೆ ಮಳೆ, ಮಾತು ಕೇಳಿಸದಷ್ಟು.

ಐದು ಗಂಟೆಗೆ ಬೊಳ್ಚಿಯ ಮಿಸ್ಡ್ ಕಾಲ್.
ಮಳೆಮಾಪಕದಲ್ಲಿ ನೂರಾಹತ್ತು.
ತಲೆಗೆ ಗೋಣಿ ಹೊದ್ದು ಗೆಲ್ಲು ಬಗ್ಗಿಸಿದಳು.
ನಿನ್ನೆಯದೇ ಮೊಗ್ಗು, ಸಣ್ಣ ಮೇಣದಬತ್ತಿಯಂತೆ ಬಿಗಿದು,
ಹೊರಗೆ ಏನೂ ಆಗಿಲ್ಲ.
ಒಳಗೆ ಮೂಟೆ ಸರಿಯುತ್ತಿದ್ದರೆ
ಆ ಸದ್ದು ಕೇಳುವ ಕಿವಿ ನನಗಿಲ್ಲ, ಕತ್ತರಿಯಿದೆ.

"ಈ ಗೆಲ್ಲಲ್ಲಿ ಎರಡು ಬಿಡಿ ಅಕ್ಕಾ" ಎಂದಳು.
ಬಿಟ್ಟೆ.